ಜರ್ಮನಿಯ ತವರು

ನಮ್ಮ ಸೋದರತ್ತೆಗೆ ಎರಡು ತವರುಮನೆಗಳಿವೆ. ಮೊದಲನೆಯದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ನಮ್ಮ ಮನೆ. ಎರಡನೆಯದು ಜರ್ಮನಿಯ ಒಂದು ಕೃಷಿಯಂತ್ರಗಳ ಕಾರ್ಖಾನೆ. ಯಾವುದರ ಮೇಲೆ ಅಭಿಮಾನ ಹೆಚ್ಚು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಉತ್ತರ ಎಲ್ಲರಿಗೂ ಗೊತ್ತಿದೆ!

ಅತ್ತೆ ಸೊಸೆಯಾಗಿ ಹೋದದ್ದು ತಾಳಗುಂದಕ್ಕೆ. ಅವರ ಗಂಡ, ಅಂದರೆ ನಮ್ಮ ಮಾವ, ತೀರಿಕೊಳ್ಳುವ ಮೊದಲು ಕೊಂಡಿದ್ದ ಹಳೆಯ ಜರ್ಮನ್ ಹಾರ್ವೆಸ್ಟರ್ ಅಲ್ಲಿನ ಅಂಗಳದಲ್ಲಿ ಆನೆಯಂತೆ ನಿಂತಿದೆ. ಭತ್ತವನ್ನು ಕೊಯ್ದು, ಬಡಿದು, ತೂರಿ ಕಾಳು ಕೊಡುವ ಯಂತ್ರ. ಅದರ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಯಾವ ಪುಣ್ಯಾತ್ಮ ಮರೆತಿದ್ದನೋ, ಆ ಕಂಪನಿಯ ಚರಿತ್ರೆಯ ಪುಸ್ತಕವೊಂದು ಅತ್ತೆಯ ಕೈಗೆ ಸಿಕ್ಕಿತು. ಪುಸ್ತಕ ಜರ್ಮನ್ ಭಾಷೆಯಲ್ಲಿದೆ. ಅತ್ತೆಗೆ ಜರ್ಮನ್ ಬಾರದು. ಇಷ್ಟು ಸಣ್ಣ ಕಾರಣಕ್ಕೆ ಓದುವುದನ್ನು ಬಿಡುವವರೇ ಅವರು? ಫೋಟೋಗಳನ್ನು ನೋಡಿಯೇ ಇಡೀ ಚರಿತ್ರೆಯನ್ನು ಕಟ್ಟಿದರು.

"ಈ ಗಿರಿಜಾ ಮೀಸೆಯೋನು ಮೂಲಪುರುಷ. ಕಮ್ಮಾರ. ಇವ್ರಿಬ್ರೂ ಮಕ್ಳು. ಸಣ್ಣೋನು ಹೆಂಡ್ತಿ ಮಾತು ದಾಟಲ್ಲ."

"ಅದು ಹೇಗೆ ಗೊತ್ತಾಯಿತು ಅತ್ತೆ?"

"ನಿಂತಿರೋದು ನೋಡೇ. ಅಣ್ಣನ ಕಡಿಗೆ ಬೆನ್ನು, ಹೆಂಡ್ತಿ ಕಡಿಗೆ ಮುಖ. ಇನ್ನೆರಡು ಪುಟಕ್ಕೆ ಪಾಲಾಗ್ತಾರೆ."

ಎರಡು ಪುಟಗಳ ನಂತರ ನಿಜವಾಗಿಯೂ ಎರಡು ಕಟ್ಟಡಗಳಿದ್ದವು! ಅದು ಕಾರ್ಖಾನೆಯ ವಿಸ್ತರಣೆ ಎಂದು ನಾನು ವಾದಿಸಿದೆ. ಅತ್ತೆ ನಡುವಿನ ಗೋಡೆಯನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಿದರು.

ಅವರಿಗೆ ಪ್ರಿಯವಾದ ಪುಟ ಇನ್ನೊಂದಿತ್ತು. ತಲೆಗೆ ವಸ್ತ್ರ ಕಟ್ಟಿಕೊಂಡ ಹೆಣ್ಣುಮಕ್ಕಳು ಯಂತ್ರದ ಭಾಗಗಳ ಮೇಲೆ ಬಾಗಿ ದುಡಿಯುತ್ತಿರುವ ಫೋಟೋ. "ಗಂಡಸ್ರು ಯುದ್ಧಕ್ಕೆ ಹೋಗ್ಯಾರೆ, ಯಂತ್ರ ಕಟ್ಟೋರು ಇವ್ರೇ" ಎನ್ನುವುದು ಅತ್ತೆಯ ವ್ಯಾಖ್ಯಾನ. ಅನ್ಯಾಯವನ್ನು ಅನ್ಯಾಯವೆಂದು ಹೇಳದೆ ಬಿಡುವುದು ನನಗೆ ಸಾಧ್ಯವಿಲ್ಲ. ಯುದ್ಧಕಾಲದ ಜರ್ಮನಿಯ ಎಷ್ಟೋ ಕಾರ್ಖಾನೆಗಳು ಪರದೇಶಗಳಿಂದ ಎಳೆದು ತಂದವರನ್ನು ಬಲವಂತವಾಗಿ ದುಡಿಸಿದ್ದವು. ಇವರು ಯಾರೆಂದು ತಿಳಿಯದೆ ಹೆಮ್ಮೆಪಡುವುದು ತಪ್ಪು ಎಂದು ವಿವರಿಸಿದೆ. ಅತ್ತೆ ಆ ಮುಖಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಇಷ್ಟಪಟ್ಟು ಮಾಡಿದ್ರೋ, ಅತ್ಕಂಡು ಮಾಡಿದ್ರೋ, ಮಾಡಿದ್ದು ಅವ್ರೇ ಅಲ್ಲೇನೇ?"

ನನ್ನ ಇಷ್ಟು ವರ್ಷಗಳ ಭಾಷಣಗಳಲ್ಲಿ ಇಷ್ಟು ಚಿಕ್ಕ ವಾಕ್ಯ ಒಂದೂ ಇಲ್ಲ.

ಶಿಕಾರಿಪುರದ ಬಿಡಿಭಾಗಗಳ ಅಂಗಡಿಯಲ್ಲಿ ಒಮ್ಮೆ ಅತ್ತೆ ಬೆಲ್ಟ್ ಕೇಳಿದಾಗ, ಅಂಗಡಿಯವನು ಅವರ ಬೆನ್ನ ಹಿಂದೆ ಕಣ್ಣಾಡಿಸಿ, "ಯಜಮಾನ್ರು ಬರ್ಲಿಲ್ವೇನಮ್ಮಾ?" ಎಂದ. ಯಂತ್ರ ಮಾರುವವರು, ತರಬೇತಿ ಕೊಡುವವರು, ಎಲ್ಲರೂ ಕೇಳುವ ಅವಮಾನಕರ ಪ್ರಶ್ನೆಯಿದು. ನಾನು ಖಂಡಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು: "ಅವ್ರು ಹೋಗಿ ಮೂರು ವರ್ಷ ಆತ್ರೀ. ಬರೋತಂಕ ಕಾಯ್ತೀರೋ, ಬೆಲ್ಟ್ ಕೊಡ್ತೀರೋ?"

ಈ ಸಲದ ಸುಗ್ಗಿಯಲ್ಲಿ ಅತ್ತೆಯ ಎರಡು ಎಕರೆ ಭತ್ತ ಕೊಯ್ಲಿಗೆ ಬಂದಾಗಲೇ ಯಂತ್ರ ಓಡಿಸುವ ಡ್ರೈವರ್ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. ಮೇಲೆ ಅಕಾಲದ ಮೋಡ. ಒಂದು ಮಳೆ ಬಿದ್ದರೆ ಪೈರು ನೆಲಕ್ಕೆ ಮಲಗಿ, ವರ್ಷದ ಅನ್ನ ಕೆಸರಿನಲ್ಲಿ ಮೊಳೆಯುತ್ತಿತ್ತು. ಮೂರು ವರ್ಷಗಳಿಂದ ತೊಳೆಯುವ ನೆಪದಲ್ಲಿ ಅಂಗಳದ ಉದ್ದಕ್ಕೂ ಯಂತ್ರವನ್ನು ಹಿಂದೆಮುಂದೆ ಓಡಿಸಿ ಕಲಿತಿದ್ದ ಅತ್ತೆ ಸೆರಗು ಸಿಕ್ಕಿಸಿ ನಿಂತರು. ಅವರ ಭಾವ, ಅಂದರೆ ಗಂಡನ ಅಣ್ಣ, ಯಂತ್ರಕ್ಕೆ ಅಡ್ಡ ಬಂದರು.

ಆ ಮನೆತನದಲ್ಲಿ ಹಿಂದೆ, ಕಣದಲ್ಲಿ ರಾಶಿ ಮಾಡುವಾಗ ಹೆಂಗಸರು ಕಾಲಿಡಬಾರದೆಂಬ ಕಟ್ಟಳೆಯಿತ್ತು. ನಾಟಿಗೆ ಬೇಕು, ಕಳೆಗೆ ಬೇಕು, ಕಾಳು ಕಣ್ಣಿಗೆ ಬೀಳುವ ಹೊತ್ತಿಗೆ ಮಾತ್ರ ಹೆಣ್ಣು ಮೈಲಿಗೆ! ಕಣಗಳೆಲ್ಲ ಮಾಯವಾದ ಮೇಲೂ ಆ ಕಟ್ಟಳೆ ನೆಲೆ ಹುಡುಕುತ್ತ ಅಲೆಯುತ್ತಿತ್ತು. ಭಾವ ಅದಕ್ಕೆ ಯಂತ್ರದೊಳಗೆ ಜಾಗ ಕೊಟ್ಟರು.

"ಬಡಿಯೋದು ಇದ್ರೊಳಗೇ, ತೂರೋದು ಇದ್ರೊಳಗೇ, ರಾಶಿನೂ ಇದ್ರೊಳಗೇ. ಅಂದ್ಮೇಲೆ ಇದೂ ಕಣಾನೇ. ಹೆಂಗಸ್ರು ಹತ್ತಂಗಿಲ್ಲ."

ನಾನು ಸಂವಿಧಾನದ ಹದಿನಾಲ್ಕನೆಯ ವಿಧಿಯಿಂದ ಆರಂಭಿಸಿದೆ. ಹದಿನೈದನೆಯದಕ್ಕೆ ಬರುವಷ್ಟರಲ್ಲಿ ಅತ್ತೆ ಪುಸ್ತಕ ತಂದು ಆ ಹೆಣ್ಣುಮಕ್ಕಳ ಪುಟವನ್ನು ಬಿಡಿಸಿ ಹಿಡಿದಿದ್ದರು.

"ನೋಡ್ರಿ ಭಾವ, ಈ ಕಣ ಕಟ್ಟಿದೋರೇ ಇವ್ರು. ಮೈಲಿಗೆ ಆಗೋದಾದ್ರೆ ಇದು ಜರ್ಮನಿ ಬಿಡೋಕ್ ಮುಂಚೇನೇ ಆಗೈತೆ. ನಿಮ್ ಗದ್ದೆನೂ ಇದೇ ಕೊಯ್ದಿದ್ದು. ಮೂರು ವರ್ಷ ಉಂಡೀರಿ, ಏನಾತು?"

ಭಾವ ಕನ್ನಡಕ ಏರಿಸಿ ಫೋಟೋ ನೋಡಿದರು, ಮೋಡ ನೋಡಿದರು, ಕೊನೆಗೆ ಪಕ್ಕಕ್ಕೆ ಸರಿದರು. "ಉಣ್ಣೋಕ್ ಮುಂಚೆ ಹೇಳ್ಬೇಕಿತ್ತಮ್ಮಾ."

ಯಂತ್ರ ಗದ್ದೆಗಿಳಿಯಿತು. ಮೊದಲ ಸಾಲು ಹಾವಿನಂತೆ ಸೊಟ್ಟಗಾಯಿತು. ಎರಡನೆಯದು ಸ್ವಲ್ಪ ನೆಟ್ಟಗಾಯಿತು. ಮೂರನೆಯದಕ್ಕೆ ಬದುವಿನ ಮೇಲೆ ನಿಂತು ನಗುತ್ತಿದ್ದವರು ಟಾರ್ಪಾಲು ತರಲು ಓಡಿದರು. ಮಳೆಯ ಮೊದಲ ಹನಿಗಳು ಬೀಳುವ ಹೊತ್ತಿಗೆ ಗದ್ದೆಯಲ್ಲಿ ಬರೀ ಕೂಳೆ ಉಳಿದಿತ್ತು, ಕಾಳೆಲ್ಲ ಟಾರ್ಪಾಲಿನಡಿ ಸೇರಿತ್ತು. ಗೆದ್ದೆವು!

ಎಂಜಿನ್ ನಿಂತರೂ ಅತ್ತೆ ಇಳಿಯಲಿಲ್ಲ. ನಾನು ಹತ್ತಿ ನೋಡಿದರೆ ಅವರ ಕಣ್ಣು ತುಂಬಿತ್ತು.

"ಇಳಿಯಿರಿ ಅತ್ತೆ, ನೆನೆಯುತ್ತೀರಿ."

"ಇರೇ. ಮದ್ವೆಯಾಗಿ ಬಂದಾಗಿಂದ ಈ ಗದ್ದೇಲಿ ಬಗ್ಗಿದ್ದೇ ಬಗ್ಗಿದ್ದು. ಇದು ಇಷ್ಟು ಚೆಂದ ಐತೆ ಅಂತ ಗೊತ್ತೇ ಇರ್ಲಿಲ್ಲ."

ಕೆಳಗೆ ಬದುವಿನ ಮೇಲೆ ಭಾವನ ಹೆಂಡತಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದರು. ಅತ್ತೆ ಕೈ ಚಾಚಿದರು. "ಬಾ ಅಕ್ಕಾ. ನಿಮ್ ಗದ್ದೆನೂ ಕಾಣ್ತೈತೆ."

ಅವರು ಗಂಡನ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟು ಒಂದೊಂದೇ ಮೆಟ್ಟಿಲು ಹತ್ತಿದರು. ಆ ಚಪ್ಪಲಿಗಳು ನೆನೆಯದಂತೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಭಾವ ಮಳೆಯಲ್ಲಿ ನಿಂತೇ ಇದ್ದರು.