ಕಾದ ಇಂಜಿನ್ನಿಗೆ ಒಂದು ಕೊಡ ನೀರು

ತಪ್ಪು ಮಾಡುವುದು ಸುಲಭ. ಅದನ್ನು ಒಪ್ಪಿಕೊಳ್ಳಲು ಒಳ್ಳೆಯ ಗಳಿಗೆ ಹುಡುಕುವುದೇ ಕಷ್ಟ. ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಏಕೆ ಸೀಳುತ್ತದೆ ಎಂದು ಪ್ರತಿ ವರ್ಷ ಎಂಟನೇ ತರಗತಿಗೆ ಪಾಠ ಮಾಡುತ್ತೇನೆ. ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸುವುದೂ ಉಂಟು. ಆ ಲೆಕ್ಕದಲ್ಲಿ ಇದನ್ನು ನಾನು ಬೆಂಚಿನ ಮೇಲೆ ನಿಂತೇ ಬರೆಯಬೇಕು.

ಜಡೆಯಲ್ಲಿರುವ ಮಾವನವರ ಹಳೆಯ ಕಾರನ್ನು ಎರಡು ದಿನಕ್ಕೆಂದು ಕೇಳಿ ಪಡೆದು, ಹೆಂಡತಿಯೊಡನೆ ಶಿಕಾರಿಪುರಕ್ಕೆ ಹೊರಟಿದ್ದೆ. ಮಾವನವರು ಬೆಳಿಗ್ಗೆ ಕಾರು ಒರೆಸಿದ ಮೇಲೆಯೇ ಕಾಫಿ ಕುಡಿಯುವವರು. ಸೊರಬ ದಾಟಿದ ಮೇಲೆ ಹೆಂಡತಿ, "ರೀ, ಆ ಇಂಜಿನ್ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಗ್ತಾ ಇದೆ, ನಿಲ್ಸಿ" ಎಂದಳು. ಹೆಂಡತಿ ಹೇಳಿದ ಕೂಡಲೇ ನಿಲ್ಲಿಸಿದರೆ ಗಾಡಿ ಓಡಿಸುತ್ತಿರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. "ಹಳೇ ಗಾಡಿ ಮುಳ್ಳು ಹಂಗೇ ಕಣೇ" ಎಂದು ಶಿರಾಳಕೊಪ್ಪದ ಹತ್ತಿರದವರೆಗೂ ಓಡಿಸಿದೆ. ಕೊನೆಗೆ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ತಾನೇ ನಿಂತಿತು. ರಸ್ತೆ ಪಕ್ಕದ ಮನೆಯ ಅಜ್ಜಿಯೊಬ್ಬರು ಕೊಡದಲ್ಲಿ ನೀರು ಹೊತ್ತು ತಂದರು. ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಟ್ಟೇ ಉಳಿದ ಮಾತು. "ಪಾಪ, ಎಷ್ಟು ಕಾದೈತೆ ನೋಡು, ಹೊಯ್ಯೋ ತಮ್ಮಾ" ಎಂದರು. ಅಷ್ಟು ಪ್ರೀತಿಯ ನೀರನ್ನು ಬೇಡವೆನ್ನುವುದು ಹೇಗೆ? ಇಡೀ ಕೊಡವನ್ನು ಇಂಜಿನ್ ಮೇಲೆ ಸುರಿದುಬಿಟ್ಟೆ. ಚೊಂಯ್ ಎಂಬ ಸದ್ದಿಗೆ ಅಂಗಳದ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು. ಎಂಟನೇ ತರಗತಿಯ ಪಾಠ ನೆನಪಾದದ್ದು ಕೊಡ ಖಾಲಿಯಾದ ಮೇಲೆ.

ಗಾಡಿಯನ್ನು ಗ್ಯಾರೇಜಿಗೆ ಎಳೆಸಿ, ಮಾವನವರಿಗೆ ಫೋನಿನಲ್ಲಿ, "ಮುಳ್ಳು ಏರಿದ ತಕ್ಷಣ ನಿಲ್ಲಿಸಿದೆ ಮಾವ" ಎಂದೆ. ನೀರಿನ ವಿಷಯ ಎತ್ತಲಿಲ್ಲ.

ಮೂರನೆಯ ದಿನ ಅವರು ಬಸ್ಸಿನಲ್ಲಿ ಶಿರಾಳಕೊಪ್ಪದ ಗ್ಯಾರೇಜಿಗೆ ಬಂದರು. ನಾನೂ ಹೋದೆ. ಮೆಕ್ಯಾನಿಕ್ ರಫೀಕ್ ಸಾಹೇಬರು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿ, ತೊಳೆದು, ಮೇಜಿನ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಬಿದ್ದಿದ್ದ, ಹೆಡ್ಡಿನ ಅಡಿ ಕೂರುವ ಗ್ಯಾಸ್ಕೆಟ್ ಹಾಳೆ ಸೀದ ರೊಟ್ಟಿಯಂತಿತ್ತು. "ಗ್ಯಾಸ್ಕೆಟ್ ಹೋದ್ರೆ ಹೋಗ್ಲಿ ಬಿಡ್ರೀ, ಹೊಸದು ಹಾಕೋಣ. ಹೆಡ್ ಹೆಂಗೈತೆ ಅನ್ನೋದು ಮುಖ್ಯ" ಎನ್ನುತ್ತ ಅದರ ಮೇಲೆ ಉಕ್ಕಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ತೆಳ್ಳನೆಯ ತಗಡು ತೂರಿಸಿ ನೋಡಿದರು. ಸ್ವಲ್ಪ ಬಾಗಿದೆ, ಲೇತಿನಲ್ಲಿ ಸಮ ಮಾಡಿಸಬಹುದು ಎಂದರು. ನನಗೆ ಹೋದ ಜೀವ ಬಂತು. ಆಮೇಲೆ ಸೀಳು ಬಿಟ್ಟಿದೆಯೇ ಎಂದು ನೋಡಲು ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿಯದೇನನ್ನೋ ಸಿಂಪಡಿಸಿ ಕಾಯುತ್ತ ಕೂತರು. ನಾನು ಮನೆದೇವರನ್ನು ನೆನೆದೆ. ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಕೆಂಪು ಗೆರೆ ನಿಧಾನವಾಗಿ ಮೂಡಿತು.

"ಕ್ರ್ಯಾಕ್ ಬಿಟ್ಟೈತ್ರೀ. ಈ ಹೆಡ್ ಇನ್ನ ಕೆಲಸಕ್ಕೆ ಬರಲ್ಲ. ಕಾದಿದ್ದಾಗ ಯಾರಾದ್ರೂ ತಣ್ಣೀರು ಹೊಯ್ದಿದ್ರಾ?"

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂದು ಹುಡುಕತೊಡಗಿದೆ. ಮಾವನವರು ಮೆಲ್ಲಗೆ, "ತಪ್ಪು ನಂದೇ ಇರ್ಬೇಕು. ರೇಡಿಯೇಟರ್ ನೀರು ನೋಡ್ದೇ ಗಾಡಿ ಕೊಟ್ಟೆ. ದಾರೀಲಿ ನಿಮಗೂ ಮಗಳಿಗೂ ಏನಾದ್ರೂ ಆಗಿದ್ರೆ?" ಎಂದರು. ಬೈದಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ. ಇದನ್ನು ಮಾತ್ರ ಸಹಿಸಲಾಗಲಿಲ್ಲ.

"ಹೊಯ್ದಿದ್ದು ನಾನೇ ಮಾವ. ಮುಳ್ಳು ಏರಿದ ಮೇಲೂ ಓಡಿಸಿದೆ" ಎಂದೆ.

"ಗೊತ್ತಿತ್ತು ಅಳಿಯಂದ್ರೇ. ಮಗಳು ಅವತ್ತೇ ಹೇಳಿದ್ಲು. ನೀವಾಗೇ ಹೇಳ್ತೀರೇನೋ ಅಂತ ಬಸ್ ಹತ್ತಿ ಬಂದೆ" ಎಂದರು ಮಾವನವರು.

ಹೊಸ ಹೆಡ್ ಕೂತು ಕಾರು ಜಡೆಗೆ ಮರಳಿತು. ಕಳೆದ ತಿಂಗಳು ಮತ್ತೆ ಕೇಳಿದಾಗ ಮಾವನವರು ಹಿಂದೆಮುಂದೆ ನೋಡದೆ ಕೊಟ್ಟರು. ಅಂಗಳಕ್ಕೆ ಬಂದು ನನ್ನ ಬೆನ್ನನ್ನೂ ತಟ್ಟಿದರು. ಕೀಯನ್ನು ಮಾತ್ರ, ಮದುವೆಗೆ ಮುಂಚೆ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿತಿದ್ದ ಮಗಳ ಕೈಗೆ ಕೊಟ್ಟರು. ನಾನು ತೆಪ್ಪಗೆ ಎಡಗಡೆಯ ಬಾಗಿಲು ತೆಗೆದು ಕೂತೆ.