ಅನಧಿಕೃತ ತಿಳಿವಳಿಕೆ

ದನಕರುಗಳಿಗೆ ಬರುವ ರೋಗಗಳಿಗೆಲ್ಲ ಮೂಲ ಕಾರಣ ಸಂವಹನದ ಕೊರತೆಯೇ ಎಂದು ಪಶುವೈದ್ಯ ಇಲಾಖೆಯು ತೀರ್ಮಾನಿಸಿದೆ. ರೋಗಾಣುಗಳ ಪಾತ್ರವನ್ನು ಇಲಾಖೆ ಪೂರ್ತಿ ಅಲ್ಲಗಳೆದಿಲ್ಲ. ಅದು ಎರಡನೆಯ ಹಂತದಲ್ಲಿ ಪರಿಶೀಲನೆಗೆ ಬರಲಿದೆ.

ಹೀಗಾಗಿ ಕಾಲುಬಾಯಿ ರೋಗದ ಲಸಿಕೆ ಆಸ್ಪತ್ರೆಯ ಫ್ರಿಜ್ಜಿನಲ್ಲಿ ತಣ್ಣಗೆ ಕುಳಿತಿತ್ತು, ಪಕ್ಕದ ಕುರ್ಚಿಯಲ್ಲಿ ಡಾಕ್ಟರು ಕೈಕಟ್ಟಿ ಕುಳಿತಿದ್ದರು. ಮೊದಲು ಪ್ರಚಾರದ ವ್ಯಾನು ಬರಬೇಕು, ಹಾಡು ಕೇಳಿಸಬೇಕು, ದನದ ಯಜಮಾನರು "ಈಗ ತಿಳೀತು" ಅನ್ನಬೇಕು. ಆಮೇಲೆ ಸೂಜಿ.

ಡಾಕ್ಟರು ಮಾಡಿದ್ದು ಒಂದೇ ತಪ್ಪು. ಪಕ್ಕದ ಬೀದಿಯ ದನಗಳು ಜೊಲ್ಲು ಸುರಿಸುವುದನ್ನು ಕಂಡು ಮನಸ್ಸು ತಡೆಯದೆ, ಹಾಲು ಮಾರುವ ಅಕ್ಕನಿಗೆ ದಾರಿಯಲ್ಲೇ ವಿಷಯ ಹೇಳಿಬಿಟ್ಟರು. ಆಕೆಯದು ಒಂದೇ ಹಸು, ಆಗಷ್ಟೇ ಕರು ಹಾಕಿತ್ತು.

ವ್ಯಾನು ಬಂತು. ಪ್ರಚಾರಾಧಿಕಾರಿ ಮೈಕು ಹಿಡಿದು ಕೇಳಿದರು: "ಕಾಲುಬಾಯಿ ರೋಗ ಅಂದ್ರೆ ಗೊತ್ತೇನಮ್ಮ?"

"ಗೊತ್ತು ಸಾರ್. ಬಾಯೆಲ್ಲ ಹುಣ್ಣು, ಗೊರಸಿನ ಸಂದೀಲೂ ಹುಣ್ಣು. ಬೇಗ ಸೂಜಿ ಹಾಕ್ಸಿ."

ಅಧಿಕಾರಿಯ ಮುಖ ಸಪ್ಪಗಾಯಿತು. "ಯಾರು ಹೇಳಿದ್ರು?"

"ನಮ್ ಡಾಕ್ಟ್ರು. ತರಕಾರಿ ಅಂಗಡಿ ಮುಂದೆ."

"ಹಾಡು ಇತ್ತಾ? ಬ್ಯಾನರು?"

"ಇಲ್ಲ ಸಾರ್, ಸುಮ್ನೆ ಬಾಯಲ್ಲೇ ಹೇಳಿದ್ರು."

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: "ಪರಿಚಯ, ಮಾತುಕತೆ ಇತ್ಯಾದಿ ಅನಧಿಕೃತ ಮಾರ್ಗಗಳಿಂದ ತಿಳಿದುಕೊಂಡವರ ಜಾನುವಾರುಗಳು ಯೋಜನೆಯ ವ್ಯಾಪ್ತಿಗೆ ಬರತಕ್ಕದ್ದಲ್ಲ. ಅಂಥವರು ಸಂಪೂರ್ಣ ಮರೆತ ನಂತರ ಮರುಪರಿಗಣಿಸಲಾಗುವುದು."

ಡಾಕ್ಟರು ಕೊಟ್ಟಿಗೆಗೆ ಓಡಿದರು. "ಅಕ್ಕ, ನಾಳೆ ನಂಗೇನೂ ಗೊತ್ತಿಲ್ಲ ಅನ್ನಿ."

"ಅದೆಲ್ಲ ಯಾಕೆ ಡಾಕ್ಟ್ರೇ? ಔಷಧಿ ನಿಮ್ ಹತ್ರಾನೇ ಇದೆ. ಈಗ್ಲೇ ಚುಚ್ಚಿಬಿಡಿ."

ಫ್ರಿಜ್ಜಿನ ಬೀಗದ ಕೈ ಡಾಕ್ಟರ ಜೇಬಿನಲ್ಲೇ ಇತ್ತು. ಅವರು ಜೇಬು ಮುಟ್ಟಿ ನೋಡಿಕೊಂಡರು, ಬರಬೇಕಾದ ಬಡ್ತಿಯನ್ನೂ ನೆನೆದರು. "ನಿಯಮ ಇದೆಯಲ್ಲಕ್ಕ" ಎಂದರು. ಹೇಡಿತನಕ್ಕೆ ಇದಕ್ಕಿಂತ ಮರ್ಯಾದಸ್ಥ ಹೆಸರು ಇಲಾಖೆಯಲ್ಲೂ ಇಲ್ಲ.

ಮರುದಿನ ಮೊದಲ ಲಸಿಕೆ ಪಕ್ಕದ ಮನೆಯ ದರ್ಜಿಗೆ ಮಂಜೂರಾಯಿತು. "ಹಸುಗೂ ರೋಗ ಬರುತ್ತಾ ಸಾರ್?" ಎಂದು ಆತ ಬಾಯಿಬಿಟ್ಟುಕೊಂಡು ಕೇಳಿದ್ದು ಅಧಿಕಾರಿಗೆ ಬಹಳ ಹಿಡಿಸಿತ್ತು. ದರ್ಜಿಯ ಹತ್ತಿರ ದನವೇ ಇರಲಿಲ್ಲವಾದ್ದರಿಂದ, ಫೋಟೋ ತೆಗೆದ ಮೇಲೆ ಅವನ ಪಾಲಿನ ಔಷಧಿಯನ್ನು ಚರಂಡಿಗೆ ಸುರಿಯಲಾಯಿತು.

ಅಕ್ಕನ ಸರದಿ ಬಂತು. "ನಂಗೇನೂ ಗೊತ್ತಿಲ್ಲ ಸಾರ್. ಆದ್ರೆ ಹಸು ಬೆಳಿಗ್ಗೆಯಿಂದ ಜೊಲ್ಲು ಸುರಿಸ್ತಿದೆ, ಕರೂನಾದ್ರೂ ಉಳಿಸಿಕೊಡಿ."

"ನೋಡಿ, ಲಕ್ಷಣ ಹೇಳ್ತಿದ್ದಾರೆ! ಇನ್ನೂ ಮರೆತಿಲ್ಲ," ಎಂದು ಅಧಿಕಾರಿ ಬೇಸರಪಟ್ಟರು.

ಕರು ಸತ್ತಿತು. ಹಸುವಿನ ಹಾಲು ಬತ್ತಿತು. ಬೀದಿಯ ಉಳಿದ ಕರುಗಳೂ ಒಂದರ ಹಿಂದೆ ಒಂದು ಹೋದವು.

ಕೊನೆಗೆ ನಿರ್ದೇಶಕರೇ ಬಂದರು. "ಇಷ್ಟೊಂದು ಕರು ಯಾಕ್ರೀ ಸತ್ವು?"

ಡಾಕ್ಟರು ನೆಟ್ಟಗೆ ನಿಂತರು. "ಗೊತ್ತಿಲ್ಲ ಸಾರ್."

ನಿರ್ದೇಶಕರು ಅವರ ಬೆನ್ನು ತಟ್ಟಿದರು. ವೈದ್ಯರಿಗೇ ಏನೂ ಗೊತ್ತಿಲ್ಲದ ಪ್ರದೇಶ! ಮುಂದಿನ ಪ್ರಚಾರಕ್ಕೆ ಇದಕ್ಕಿಂತ ಯೋಗ್ಯವಾದ ಜಾಗ ಇನ್ನೆಲ್ಲಿ? ಬಡ್ತಿಯನ್ನು ಅಲ್ಲೇ ಘೋಷಿಸಿ ಅವರು ಅಕ್ಕನ ಕಡೆ ತಿರುಗಿದರು. "ನಿಮ್ಮ ಕರೂಗೆ ಏನಾಗಿತ್ತಮ್ಮ?"

ಅಕ್ಕ ಡಾಕ್ಟರ ಮುಖವನ್ನೊಮ್ಮೆ ನೋಡಿದಳು.

"ನಂಗೆ ಕರು ಇತ್ತಾ ಸಾರ್?"

ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರೂ ತಟ್ಟಿದರು. ಆಕೆಯನ್ನು ಲಸಿಕೆಗೆ ಅರ್ಹಳೆಂದು ಸಾರಲಾಯಿತು.