ಅಮಾವಾಸ್ಯೆಯ ಹಸಿವನ್ನು ಪಾಡ್ಯಕ್ಕೆ ತಲುಪಿಸಿದ ಸಮಿತಿಗೆ

ಗಚ್ಚಿಬೌಲಿಯ ಒಂಬತ್ತನೆಯ ಮಹಡಿಯಲ್ಲಿ, ಬೇಸಿಗೆಯಲ್ಲೂ ಸ್ವೆಟರ್ ಬೇಕೆನಿಸುವ ತಂಪು ಕೋಣೆಯಲ್ಲಿ ವಿರಾಜಮಾನರಾಗಿರುವ, ಸಜ್ಜೆಸಿರಿ ಆಹಾರ ಕಂಪನಿಯ 'ದತ್ತಾಂಶ ಜೋಡಣೆ ವಿಧಾನ ಆಯ್ಕೆ ಸಮಿತಿ'ಯ ಮಾನ್ಯರೇ,

ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ತಮ್ಮದೇ ಕಂಪನಿಯ ರೊಟ್ಟಿ ಅಡುಗೆಮನೆಯ ಉಸ್ತುವಾರಿ ನೋಡುವ ಕಾಶಿನಾಥ ಕಾಕಾನ ಶರಣು ಶರಣಾರ್ಥಿಗಳು. ನಾನು ಸೇಡಂ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಇನ್ನೂ ಓದಿದರೆ ಮಾಸ್ತರರಿಗೆ ಮುಜುಗರವಾದೀತೆಂಬ ಒಂದೇ ಕಾರಣಕ್ಕೆ ಬಿಟ್ಟವನು. ಆದ್ದರಿಂದ ತಮ್ಮಂಥ ವಿದ್ವಾಂಸರಿಗೆ ಬರೆಯಲು ಸಂಪೂರ್ಣ ಅರ್ಹನೆಂದು ನಾನೇ ನಿರ್ಧರಿಸಿದ್ದೇನೆ. ಆ ನಿರ್ಧಾರಕ್ಕೆ ಸಮಿತಿ ಬೇಕಾಗಲಿಲ್ಲ.

ಮೊದಲು ತಮ್ಮ ಗುಣಗಾನ. ಗಿರಾಕಿ ಮೊಬೈಲ್ ಒತ್ತಿ ರೊಟ್ಟಿ ಕೇಳಿದರೆ ಆ ಮಾತು ಗಚ್ಚಿಬೌಲಿಯ ದೊಡ್ಡ ಸಿಸ್ಟಮ್ಮಿನಲ್ಲಿ ಬೀಳುತ್ತದೆ, ಅಲ್ಲಿಂದ ನಮ್ಮ ಅಡುಗೆಮನೆಯ ಡೇಟಾಬೇಸಿಗೆ ಬರಬೇಕು, ಬಂದರೆ ಮಾತ್ರ ನಮ್ಮ ಗೋಡೆಯ ಸ್ಕ್ರೀನಿನಲ್ಲಿ ಕಾಣುತ್ತದೆ. ಅಲ್ಲಿಂದ ಇಲ್ಲಿಗೆ ಹೇಗೆ ಬರಬೇಕೆಂಬುದನ್ನು ತಾವು ಕಳೆದ ದೀಪಾವಳಿಗೂ ಮುಂಚಿನಿಂದ ಆಯ್ಕೆ ಮಾಡುತ್ತಲೇ ಇದ್ದೀರಿ. ನಮ್ಮೂರಲ್ಲಿ ಎತ್ತು ಕೊಳ್ಳುವವರು ಕೂಡ ಇಷ್ಟು ಹಲ್ಲು ಎಣಿಸುವುದಿಲ್ಲ.

ತಮ್ಮ ಸಮಿತಿಯ ಕಾರ್ಯದರ್ಶಿ ದಾನೇಶ್ವರಿ ನನ್ನ ಅಣ್ಣನ ಮಗಳು. "ಕಾಕಾ, ಇದು ನಿಮಗ ತಿಳಿಯಂಗಿಲ್ಲ ಬಿಡ್ರಿ" ಎನ್ನುತ್ತಲೇ ಆಕೆ ಎಲ್ಲವನ್ನೂ ತಿಳಿಸಿಬಿಟ್ಟಿದ್ದಾಳೆ. ಈಗ ನಡೆದಿರುವ ಪದ್ಧತಿ ಅಗಸನ ಗಂಟಿನದು: ದಿನವಿಡೀ ಬಂದ ಆರ್ಡರುಗಳನ್ನು ಒಂದೆಡೆ ಕೂಡಿಹಾಕಿ, ಮಧ್ಯರಾತ್ರಿ ಒಂದೇ ಗಂಟು ಕಟ್ಟಿ ಕಳಿಸುವುದು. ಇನ್ನೊಂದು ನಮ್ಮ ಓಣಿಯ ಗುಂಡಮ್ಮನ ಪದ್ಧತಿ: ಯಾರ ಮನೆಯಲ್ಲಿ ತಂಬಿಗೆ ಬಿದ್ದರೂ ಸದ್ದು ಅಡಗುವ ಮೊದಲೇ ಸುದ್ದಿ ಬಾವಿಕಟ್ಟೆಗೆ; ಇದರಿಂದ ಡೇಟಾಬೇಸಿಗೆ ಸುಸ್ತಾದೀತೆಂದು ತಮಗೆ ಕನಿಕರ. ಮೂರನೆಯದು ಎರಡೂ ಕಡೆಯ ಭಾಷೆ ಬಲ್ಲ ಮದುವೆ ದಲ್ಲಾಳಿಯಂಥ ಸಾಫ್ಟ್‌ವೇರನ್ನು ನಡುವೆ ಕೂರಿಸುವುದು. ಅವನನ್ನು ಸಾಕುವವರು ಯಾರೆಂದು ತಮ್ಮಲ್ಲೇ ಜಗಳ. ಮತ್ತೊಂದು, ಎರಡು ಮನೆಗಳ ನಡುಗೋಡೆಗೆ ಕಿಂಡಿ ಕೊರೆದು ದೊಡ್ಡ ಸಿಸ್ಟಮ್ಮೇ ನೇರವಾಗಿ ನಮ್ಮ ಡೇಟಾಬೇಸಿಗೆ ಕೈಹಾಕಿ ಬರೆಯುವುದು. ಕಿಂಡಿಯಲ್ಲಿ ಕಳ್ಳ ನುಗ್ಗಿದರೆ ಎಂಬ ಚಿಂತೆಯಲ್ಲಿ ಒಂದು ಇಡೀ ಸಭೆ ಕಳೆಯಿತಂತೆ. ಪ್ರತಿಯೊಂದರಲ್ಲೂ ದೋಷ ಹುಡುಕುವ ತಮ್ಮ ಕಣ್ಣು ಅಪರೂಪದ್ದು. ಹೀಗೆ ಹೆಣ್ಣು ನೋಡಿದವರು ನಮ್ಮೂರಲ್ಲಿ ಇಬ್ಬರಿದ್ದರು. ಇಬ್ಬರೂ ಮಠ ಸೇರಿದರು.

ಇನ್ನು ದುಃಖದ ಸಂಗತಿ. ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯವರು ಎಲ್ಲಿದ್ದರೂ ಸಜ್ಜೆ ರೊಟ್ಟಿ, ಹಸಿಕಾಳು, ಸೊಪ್ಪಿನ ತಪ್ಪಲು ಹಾಕಿ ಕುದಿಸಿದ ಭಜ್ಜಿ ಉಣ್ಣಬೇಕು. ಕೂತು ಉಣ್ಣಲು ಹೊಲವಿಲ್ಲದಿದ್ದರೆ ಗಚ್ಚಿಬೌಲಿಯ ಹುಲ್ಲುಹಾಸಿನ ಮೇಲಾದರೂ ಕೂತು ಉಣ್ಣಬೇಕು. ಅಂದು ಬೆಳಗಾಗುತ್ತಲೇ ನಮ್ಮ ಬಂಡೆಮ್ಮ, ಅವಳ ಕೂಡ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ಹಂಚು ಕಾಯಿಸಿ ಸ್ಕ್ರೀನಿಗೆ ಕೈಮುಗಿದು ಕೂತರು. ಸ್ಕ್ರೀನು ಖಾಲಿ. ಮಧ್ಯಾಹ್ನವಾಯಿತು, ಖಾಲಿ. ಗಚ್ಚಿಬೌಲಿಗೆ ಫೋನು ಮಾಡೋಣವೆಂದರೆ, ಸಿಸ್ಟಮ್ಮಿನ ಹೊರಗಿನ ಮಾತನ್ನು ಯಾರೂ ಆಡಬಾರದು, ಯಾರೂ ಕೇಳಬಾರದು ಎಂಬ ತಮ್ಮ ಸುತ್ತೋಲೆ ಗೋಡೆಗೆ ಅಂಟಿತ್ತು. ಬಂಡೆಮ್ಮ ನನ್ನ ಕಡೆ ತಿರುಗಿ, "ಕಾಕಾ, ನಿಮ್ಮ ಟೀವಿ ಇವತ್ತ ಉಪಾಸ ಹಿಡದೈತೇನ್ರಿ" ಎಂದಳು. ಕೊನೆಗೆ ಆ ಹೆಣ್ಣುಮಕ್ಕಳು ತಮ್ಮ ಪಾಲಿನ ಭಜ್ಜಿ ತಾವೇ ಉಂಡು ಮನೆಗೆ ಹೋದರು.

ಮಿಕ್ಕ ದಿನ ನಾಳಿನ ರೊಟ್ಟಿಯನ್ನು ಇಂದೇ ಕೇಳುವ ಗಿರಾಕಿಗಳು ಹಬ್ಬದ ಊಟವನ್ನು ಹಬ್ಬದ ದಿನವೇ ಕೇಳಿದ್ದರು. ಮರುದಿನ ಬೆಳಗ್ಗೆ ಗಂಟು ಬಿಚ್ಚಿತು ನೋಡಿ, ಅರ್ಧ ಗಚ್ಚಿಬೌಲಿಯ ಹಸಿವು ಅದರಲ್ಲಿತ್ತು. ಶಿಸ್ತಿನವರಾದ ನಾವು ಸ್ಕ್ರೀನು ಹೇಳಿದಂತೆ ಎಲ್ಲವನ್ನೂ ಬೇಯಿಸಿ ಕಳಿಸಿದೆವು. ಹಬ್ಬ ಮುಗಿದ ಮೇಲೆ ಬಂದ ಭಜ್ಜಿಯನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಅದೇ ಸಿಸ್ಟಮ್ಮು, ಈ ಅಡುಗೆಮನೆ ಹೊತ್ತಿಗೆ ಕೊಡುವುದಿಲ್ಲವೆಂದು ತೀರ್ಮಾನಿಸಿ ನಮ್ಮ ಹೆಸರಿನ ಮುಂದೆ 'ನಿಷ್ಕ್ರಿಯ' ಎಂದು ಬರೆದಿದೆ. ಇಂಥ ಅಡುಗೆಮನೆಯನ್ನು ಮುಚ್ಚುವ ವಿಚಾರವೂ ತಮ್ಮ ಮುಂದಿದೆಯಂತೆ. ಬಂಡೆಮ್ಮ ಈ ನಗರದಲ್ಲಿ ಇಟ್ಟಿಗೆ ಹೊತ್ತವಳು. ಬೆನ್ನು ಸೋತ ಮೇಲೆ ಈ ಹಂಚಿನ ಮುಂದೆ ಕೂತವಳು. ಹಂಚು ಆರಿದರೆ ಮತ್ತೆ ಇಟ್ಟಿಗೆಯೇ. ಈ ಮಾತು ಯಾವ ಪದ್ಧತಿಯಿಂದ ತಮ್ಮ ಮಹಡಿಗೆ ತಲುಪುತ್ತದೋ ನನಗೆ ತಿಳಿಯದು, ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆದ್ದರಿಂದ ಕೆಲವು ಬಿನ್ನಹಗಳು. ಒಂದೋ ತಾವು ಗುಂಡಮ್ಮನನ್ನೋ ದಲ್ಲಾಳಿಯನ್ನೋ ಕಿಂಡಿಯನ್ನೋ ಯಾವುದಾದರೊಂದನ್ನು ಆರಿಸಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಅಮಾವಾಸ್ಯೆಯನ್ನು ಒಂದು ದಿನ ಮುಂದಕ್ಕೆ ಹಾಕುವಂತೆ ಚಂದ್ರನಿಗೆ ಸುತ್ತೋಲೆ ಕಳಿಸಬೇಕು. ಇಲ್ಲವೇ ಗಿರಾಕಿಗಳಿಗೆ ಹಸಿವು ಹಿಂದಿನ ದಿನವೇ ಆಗುವಂತೆ ಮೊಬೈಲಿನಲ್ಲಿ ವ್ಯವಸ್ಥೆ ಮಾಡಬೇಕು. ಏನೂ ಆಗದಿದ್ದರೆ ನಾನಿದ್ದೇನೆ. ನಮ್ಮೂರ ಮದುವೆಗಳಲ್ಲಿ ಊಟಕ್ಕೆ ಕರೆ ಹೇಳಲು ಮನೆಮನೆಗೆ ಓಡುತ್ತಿದ್ದವನು ನಾನೇ. ನನ್ನ ಕರೆ ಕೇಳಿದವರು ಯಾರೂ ಮರುದಿನ ಉಣ್ಣಲು ಬಂದದ್ದಿಲ್ಲ. ನನ್ನನ್ನು ಗಚ್ಚಿಬೌಲಿಗೂ ಬೇಗಂಪೇಟೆಗೂ ನಡುವೆ ಜೋಡಿಸಿಬಿಡಿ. ಚಹಾ ಒಂದನ್ನು ಬಿಟ್ಟರೆ ಬೇರೆ ಪರವಾನಗಿ ಶುಲ್ಕ ಬೇಡ.

ತಮ್ಮ ಆಯ್ಕೆಯ ಹಾದಿಯನ್ನು ಹಂಚಿನ ಮುಂದೆ ಕೂತು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಕಾಶಿನಾಥ ಕಾಕಾ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಸ್ಕ್ರೀನಿನಲ್ಲಿ ಹೊಸ ಆರ್ಡರು ಮೂಡಿತು. ನಮ್ಮನ್ನು ಮುಚ್ಚುವ ತಮ್ಮ ನಿನ್ನೆಯ ಸಭೆಗೆ, ನಿನ್ನೆ ಮಧ್ಯಾಹ್ನದ ಊಟ. ಊಟ ಬಾರದ್ದರಿಂದ ತಾವು ಹಸಿದು, ಏನೂ ತೀರ್ಮಾನಿಸದೆ ಎದ್ದಿರೆಂದು ದಾನೇಶ್ವರಿ ಹೇಳಿದಳು. ಬಂಡೆಮ್ಮ ಈಗ ಕಡಕ್ ರೊಟ್ಟಿ ಬಡಿಯುತ್ತಿದ್ದಾಳೆ. ಅದು ತಿಂಗಳಿಟ್ಟರೂ ಕೆಡದು, ತಮ್ಮ ಮುಂದಿನ ಸಭೆಗೂ ಆದೀತು. ಮುಚ್ಚುವ ಆದೇಶ ಹೊರಡಿಸಿದರೆ ದಯವಿಟ್ಟು ಕಾಗದದಲ್ಲಿ ಕಳಿಸಬೇಡಿ, ಸ್ಕ್ರೀನಿನಲ್ಲೇ ಕಳಿಸಿ. ಸಿಸ್ಟಮ್ಮಿನ ಹೊರಗಿನ ಮಾತನ್ನು ಕೇಳಬಾರದೆಂದು ತಾವೇ ಅಪ್ಪಣೆ ಮಾಡಿದ್ದೀರಿ, ನಾವು ಶಿಸ್ತಿನ ಜನ. ಬರುವಾಗ ಬರಲಿ.